ಪರದೇಶದ ಅತಿಥಿಯೋ, ಪಂಜರದಿಂದ ಪಾರಾದುದೋ?

ನ್ಯೂಯಾರ್ಕ್ ನಗರದ ನಟ್ಟನಡುವೆ ಸೆಂಟ್ರಲ್ ಪಾರ್ಕ್ ಎಂಬ ವಿಶಾಲವಾದ ಉದ್ಯಾನವಿದೆ. ಅದರ ದಕ್ಷಿಣದ ಅಂಚಿನ ಕೊಳದಲ್ಲಿ 2018ರ ಅಕ್ಟೋಬರ್ ತಿಂಗಳ ಒಂದು ದಿನ ಬಾತುಕೋಳಿಯೊಂದು ತೇಲುತ್ತಿದ್ದುದು ದಾರಿಹೋಕರ ಕಣ್ಣಿಗೆ ಬಿದ್ದಿತು. ಕೊಳದಲ್ಲಿ ಬಾತು ತೇಲುವುದು ಸೋಜಿಗವಲ್ಲ. ಆದರೆ ಈ ಹಕ್ಕಿಯನ್ನು ನೋಡಿದರೆ, ಯಾರೋ ಹುಡುಗನೊಬ್ಬ ತನ್ನ ಪೆಟ್ಟಿಗೆಯಲ್ಲಿದ್ದ ಬಣ್ಣಗಳನ್ನೆಲ್ಲ ಮುಗಿಸಿಯೇ ತೀರುತ್ತೇನೆಂದು ಹಟತೊಟ್ಟು ಬರೆದ ಚಿತ್ರದಂತಿತ್ತು. ಕೆಂಪು ಕೊಕ್ಕು, ಕಣ್ಣಿನ ಮೇಲಿಂದ ಹಿಂದಲೆಗೆ ಹರಿದ ಬಿಳಿಯ ಪಟ್ಟೆ, ಕೆನ್ನೆಯಿಂದ ಇಳಿಬಿದ್ದ ಕಿತ್ತಳೆ ಬಣ್ಣದ ಗಡ್ಡ, ನೇರಿಳೆಯ ಎದೆ, ಬೆನ್ನ ಮೇಲೆ ಹಾಯಿಗಳಂತೆ ನೆಟ್ಟಗೆ ನಿಂತ ಎರಡು ಗರಿಗಳು. ಇದು ಮ್ಯಾಂಡರಿನ್ ಬಾತುವಿನ ಗಂಡು. ಇದರ ಸ್ವದೇಶ ರಷ್ಯದ ಪೂರ್ವದ ಅಂಚು, ಈಶಾನ್ಯ ಚೀನ, ಕೊರಿಯ ಮತ್ತು ಜಪಾನ್. ನ್ಯೂಯಾರ್ಕಿಗೂ ಅದಕ್ಕೂ ಯಾವ ನಂಟೂ ಇಲ್ಲ.

ಕೆಲವೇ ದಿನಗಳಲ್ಲಿ ಅದು ನಗರದ ದೊಡ್ಡ ಮನುಷ್ಯರಿಗಿಂತಲೂ ಹೆಚ್ಚು ಹೆಸರಾಯಿತು. ಕಚೇರಿಗೆ ಹೊರಟವರು ದಾರಿ ಬದಲಿಸಿ ಕೊಳದ ದಂಡೆಗೆ ಬಂದರು. ಪತ್ರಿಕೆಗಳು ಅದರ ದಿನಚರಿಯನ್ನೇ ಪ್ರಕಟಿಸತೊಡಗಿದವು. ಆದರೆ ಪಕ್ಷಿಶಾಸ್ತ್ರವನ್ನು ಬಲ್ಲವರು ಈ ಸಂಭ್ರಮದಲ್ಲಿ ಪಾಲುಗೊಂಡರೂ ತಮ್ಮ ಪಟ್ಟಿಯ ಪುಸ್ತಕವನ್ನು ಜೇಬಿನಿಂದ ತೆಗೆಯಲಿಲ್ಲ. ಕಾರಣ, ಹಕ್ಕಿಯ ಬಲಗಾಲಿನಲ್ಲಿ ಒಂದು ಉಂಗುರವಿದ್ದಿತು.

ಇನ್ನೊಂದು ನೋಟ. ಅಸ್ಸಾಮಿನ ತಿನ್ಸುಕಿಯಾ ಜಿಲ್ಲೆಯಲ್ಲಿ ಮಾಗುರಿ-ಮೋಟಾಪುಂಗ್ ಎಂಬ ಜೌಗು ಸರೋವರವಿದೆ. ಡಿಬ್ರು-ಸೈಖೋವಾ ರಾಷ್ಟ್ರೀಯ ಉದ್ಯಾನಕ್ಕೆ ಇದು ನೆರೆಮನೆ. 2021ರ ಫೆಬ್ರವರಿಯಲ್ಲಿ ಅಲ್ಲಿ ಇದೇ ಜಾತಿಯ, ಇದೇ ವೇಷದ ಒಂದು ಗಂಡು ಬಾತು ಕಾಣಿಸಿಕೊಂಡಿತು. ಮೊದಲು ಕಂಡವನು ದೋಣಿಯಲ್ಲಿ ಪ್ರವಾಸಿಗರಿಗೆ ಹಕ್ಕಿ ತೋರಿಸಿ ಜೀವನ ಸಾಗಿಸುವ ಅಲ್ಲಿಯ ಮಾರ್ಗದರ್ಶಿ. ಸುದ್ದಿ ಹರಡಿದ್ದೇ ತಡ, ಮುಂಬಯಿ, ಬೆಂಗಳೂರುಗಳಿಂದಲೂ ಕ್ಯಾಮೆರಾ ಹೊತ್ತವರು ವಿಮಾನವೇರಿ ಬಂದರು. ಅದೇ ಡಿಬ್ರು ನದಿಯ ಆಸುಪಾಸಿನಲ್ಲಿ 1902ರಲ್ಲಿ ಈ ಹಕ್ಕಿ ದಾಖಲಾಗಿದ್ದಿತು. ಆದುದರಿಂದ 'ನೂರ ಹದಿನೆಂಟು ವರ್ಷಗಳ ತರುವಾಯ' ಎಂಬ ತಲೆಬರಹ ದೇಶವನ್ನೆಲ್ಲ ಸುತ್ತಿತು. (ನಡುವೆ 2013ರಲ್ಲಿ ಮಣಿಪುರದ ಲೋಕ್ತಾಕ್ ಸರೋವರದಿಂದ ಇದರ ವರದಿ ಬಂದಿದ್ದಿತಾದರೂ, ತಲೆಬರಹ ಬರೆಯುವವರಿಗೆ ಅಂಥ ವಿವರಗಳು ರುಚಿಸುವುದಿಲ್ಲ.) ಇಲ್ಲಿ ಪಕ್ಷಿಪ್ರಿಯರು ಹಿಂದೆಮುಂದೆ ನೋಡದೆ ಹಕ್ಕಿಯನ್ನು ಅತಿಥಿಯೆಂದೇ ಬರಮಾಡಿಕೊಂಡರು.

ಹಕ್ಕಿ ಒಂದೇ. ಒಂದೆಡೆ ಅದು ಯಾರದೋ ಮನೆಯಿಂದ ತಪ್ಪಿಸಿಕೊಂಡ ಸಾಕುಪ್ರಾಣಿ. ಇನ್ನೊಂದೆಡೆ ಶತಮಾನಕ್ಕೊಮ್ಮೆ ಬರುವ ಮಹಾಪಥಿಕ. ಈ ಭೇದವನ್ನು ನಿರ್ಣಯಿಸುವುದು ಹೇಗೆ?

ಬಲಗಾಲಿನ ಸಾಕ್ಷ್ಯ

ಉಂಗುರವಿದ್ದರೆ ಸಾಕಿದ ಹಕ್ಕಿ, ಇಲ್ಲದಿದ್ದರೆ ಕಾಡುಹಕ್ಕಿ — ಇಷ್ಟು ಸುಲಭವಾಗಿದ್ದರೆ ಪಂಡಿತರು ವಾದಿಸಲು ಏನೂ ಉಳಿಯುತ್ತಿರಲಿಲ್ಲ. ಉಂಗುರಗಳಲ್ಲಿಯೂ ಎರಡು ಕುಲಗಳುಂಟು. ಹಕ್ಕಿ ಸಾಕುವವರು ಹಾಕುವುದು ಸಾಮಾನ್ಯವಾಗಿ ಸಂದಿಯಿಲ್ಲದ ಬಳೆಯಂಥ ಉಂಗುರ. ಮರಿ ಹುಟ್ಟಿದ ಮೊದಲ ಕೆಲವು ದಿನಗಳಲ್ಲಿ, ಪಾದ ಇನ್ನೂ ಎಳೆಯದಾಗಿರುವಾಗ, ಬೆರಳುಗಳನ್ನು ಒಟ್ಟುಗೂಡಿಸಿ ಇದನ್ನು ತೊಡಿಸುತ್ತಾರೆ. ಪಾದ ಬೆಳೆದ ಮೇಲೆ ಅದು ಹೊರಗೆ ಬಾರದು, ಒಳಗೂ ಹೋಗದು. ಅಂಥ ಉಂಗುರವನ್ನು ತೊಟ್ಟ ಹಕ್ಕಿ ಮನುಷ್ಯನ ಕೈಯಲ್ಲಿಯೇ ಕಣ್ಣು ಬಿಟ್ಟದ್ದೆಂಬುದರಲ್ಲಿ ಸಂದೇಹ ಕಡಮೆ. ಸಂಶೋಧಕರು ಬಲೆಬೀಸಿ ಹಿಡಿದ ಹಕ್ಕಿಗೆ ತೊಡಿಸುವುದು ಇದಲ್ಲ. ಅದು ಸಂದಿಯಿರುವ ಲೋಹದ ಪಟ್ಟಿ. ಕಾಲಿಗೆ ಸುತ್ತಿ ಇಕ್ಕಳದಿಂದ ಒತ್ತಿ ಮುಚ್ಚುವಂಥದು. ಅದರ ಮೇಲೆ ಸಂಖ್ಯೆಯನ್ನೂ ವಿಳಾಸವನ್ನೂ ಕೆತ್ತಿರುತ್ತಾರೆ.

1883ರಲ್ಲಿ ಸ್ಥಾಪಿತವಾದ ಬೊಂಬಾಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿ ಇಂಥ ಉಂಗುರಗಳನ್ನು ದೊಡ್ಡ ಪ್ರಮಾಣದಲ್ಲಿ ಹಾಕಲು ತೊಡಗಿದುದರ ಹಿಂದೆ ಕನ್ನಡನಾಡಿನ ಕಥೆಯೊಂದು ಅಡಗಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬೀಳತೊಡಗಿ, ಮನುಷ್ಯರಿಗೂ ವಿಚಿತ್ರ ಜ್ವರ ಹಬ್ಬಿತು. ಅದೇ 'ಮಂಗನ ಕಾಯಿಲೆ'. ಅದರ ವಿಷಾಣು ರಷ್ಯದ ಕಾಡುಗಳ ಒಂದು ಜ್ವರದ ವಿಷಾಣುವಿಗೆ ದಾಯಾದಿಯಂತೆ ಕಂಡುಬಂದುದರಿಂದ, ಚಳಿಗಾಲದಲ್ಲಿ ಉತ್ತರದಿಂದ ಬರುವ ಹಕ್ಕಿಗಳ ಮೈಯ ಉಣ್ಣೆಗಳು ಅದನ್ನು ಹೊತ್ತು ತಂದಿರಬಹುದೇ ಎಂಬ ಶಂಕೆ ಹುಟ್ಟಿತು. ಯಾವ ಹಕ್ಕಿ ಎಲ್ಲಿಂದ ಬರುತ್ತದೆ ಎಂಬುದೇ ಆಗ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಸಲೀಂ ಅಲಿಯವರ ಮುಂದಾಳುತನದಲ್ಲಿ ಹಕ್ಕಿಗಳನ್ನು ಹಿಡಿದು ಉಂಗುರ ತೊಡಿಸುವ ಕೆಲಸ ಭರದಿಂದ ನಡೆಯಿತು. ಹಕ್ಕಿಗಳ ಮೇಲಿನ ಶಂಕೆ ರುಜುವಾತಾಗಲಿಲ್ಲ. ಆದರೆ ಅವುಗಳ ದಾರಿಗಳು ಒಂದೊಂದಾಗಿ ತೆರೆದುಕೊಂಡವು. 'ಈ ಹಕ್ಕಿ ಎಲ್ಲಿಯದು?' ಎಂಬ ಪ್ರಶ್ನೆ ಬಿಡುವಿದ್ದವರ ವಿನೋದವಷ್ಟೇ ಅಲ್ಲವೆಂಬುದಕ್ಕೆ ಇದೊಂದು ನಿದರ್ಶನ.

ಹೀಗೆ, ಉಂಗುರವಿದ್ದೂ ಹಕ್ಕಿ ಕಾಡಿನದಾಗಿರಬಹುದು. ಉಂಗುರವಿಲ್ಲದೆಯೂ ಪಂಜರದ್ದಾಗಿರಬಹುದು; ಏಕೆಂದರೆ ಸಾಕುವವರೆಲ್ಲರೂ ಉಂಗುರ ಹಾಕುವಷ್ಟು ಶಿಸ್ತಿನವರಲ್ಲ. ಆದುದರಿಂದ ಪರೀಕ್ಷಕರು ಉಂಗುರವನ್ನು ಬಿಟ್ಟು ಮೈಯನ್ನು ನೋಡುತ್ತಾರೆ. ಸರಳುಗಳಿಗೆ ಉಜ್ಜಿ ಉಜ್ಜಿ ಬಾಲದ ಗರಿಗಳ ತುದಿ ಚಿಂದಿಯಾಗಿದೆಯೇ? ಕಡಿಯಲು ಗಟ್ಟಿಯಾದುದೇನೂ ದೊರೆಯದೆ ಕೊಕ್ಕು ಅತಿಯಾಗಿ ಬೆಳೆದಿದೆಯೇ? ರೆಕ್ಕೆಯ ಗರಿಗಳನ್ನು ಕತ್ತರಿಯಿಂದ ಸಮವಾಗಿ ಕತ್ತರಿಸಿದ ಗುರುತಿದೆಯೇ? ಅಮೆರಿಕದಲ್ಲಿ ಸಾಕುವ ಬಾತುಗಳ ಬಲಗಾಲಿನ ಹಿಂಬೆರಳನ್ನು ಕತ್ತರಿಸಿ ಗುರುತು ಮಾಡುವ ಪದ್ಧತಿಯುಂಟು. ಅಂಥ ಬಾತು ನೀರಿನಿಂದ ದಂಡೆಗೇರುವುದನ್ನೇ ಕಾದು, ಗಂಟೆಗಟ್ಟಲೆ ಚಳಿಯಲ್ಲಿ ಕುಳಿತು, ಆ ಪುಟ್ಟ ಬೆರಳು ಇದೆಯೇ ಇಲ್ಲವೇ ಎಂದು ದೂರದರ್ಶಕದಿಂದ ನೋಡುವವರಿದ್ದಾರೆ. ಮದುವೆಗೆ ಮುನ್ನ ಹೆಣ್ಣಿನ ಕಾಲ್ಗುಣ ನೋಡುತ್ತಿದ್ದ ಹಿರಿಯರೂ ಇಷ್ಟು ಶ್ರದ್ಧೆ ವಹಿಸಿರಲಾರರು.

ನಡತೆಯೂ ಒಂದು ಸಾಕ್ಷ್ಯ. ಮನುಷ್ಯ ಹತ್ತಿರ ಬಂದರೂ ಅಂಜದೆ, ಬ್ರೆಡ್ಡಿನ ಚೂರಿಗೆ ಕೊರಳು ಚಾಚುವ ಹಕ್ಕಿ ಸಾಕಿದ್ದೆಂದು ಊಹಿಸುವುದು ಸಹಜ. ಆದರೆ ಈ ಸಾಕ್ಷಿ ಅತ್ಯಂತ ದುರ್ಬಲ. ಉತ್ತರ ಧ್ರುವದ ಬಯಲುಗಳಲ್ಲಿ ಹುಟ್ಟಿ ಬೆಳೆದ ಹಕ್ಕಿ ಜನ್ಮಾವಧಿ ಮನುಷ್ಯನನ್ನೇ ಕಂಡಿರಲಿಕ್ಕಿಲ್ಲ. ಅದಕ್ಕೆ ಅಂಜಿಕೆ ಎಲ್ಲಿಂದ ಬರಬೇಕು? ಸಾವಿರಾರು ಮೈಲಿ ಹಾರಿ ಬಳಲಿ ಬಿದ್ದ ಹಕ್ಕಿಗೆ ಓಡಿಹೋಗುವ ತ್ರಾಣವೂ ಇರದು. ಅತ್ತ ಪಂಜರದಿಂದ ಪಾರಾದ ಹಕ್ಕಿ, ನಾಯಿಯೂ ಗಿಡುಗವೂ ಕಲಿಸಿದ ಪಾಠದಿಂದ, ಒಂದು ತಿಂಗಳೊಳಗೆ ಕಾಡುಹಕ್ಕಿಗಿಂತಲೂ ಜಾಗರೂಕವಾಗಿಬಿಡುತ್ತದೆ.

ಗದಗಿನ ಅತಿಥಿ, ಜರ್ಮನಿಯ ಪರಾರಿ

ಈ ಸಂದಿಗ್ಧವನ್ನು ಕನ್ನಡಿಗರಿಗೆ ಮನದಟ್ಟು ಮಾಡಲು ಪಟ್ಟೆತಲೆಯ ಹೆಬ್ಬಾತುವಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಬೂದುಬಣ್ಣದ ಮೈ, ಬಿಳಿಯ ತಲೆ, ಹಿಂದಲೆಯ ಮೇಲೆ ಯಾರೋ ಇದ್ದಿಲಿನಿಂದ ಗೀಚಿದಂತೆ ಎರಡು ಕಪ್ಪು ಪಟ್ಟೆ. ಮಂಗೋಲಿಯ, ಟಿಬೆಟ್, ಲಡಾಖ್‌ಗಳ ಎತ್ತರದ ಸರೋವರಗಳಲ್ಲಿ ಮರಿಮಾಡುವ ಈ ಹಕ್ಕಿ ಚಳಿಗಾಲಕ್ಕೆ ಹಿಮಾಲಯವನ್ನು ದಾಟಿ ಬರುತ್ತದೆ. ಬೆನ್ನಿಗೆ ಕಟ್ಟಿದ ಯಂತ್ರಗಳು 7,000 ಮೀಟರಿಗೂ ಮಿಕ್ಕ ಎತ್ತರವನ್ನು ದಾಖಲಿಸಿವೆ. ಗದಗ ಜಿಲ್ಲೆಯ ಶಿರಹಟ್ಟಿಯ ಸಮೀಪದ ಮಾಗಡಿ ಕೆರೆಗೆ ಪ್ರತಿವರ್ಷವೂ ಇವು ಸಾವಿರಾರು ಸಂಖ್ಯೆಯಲ್ಲಿ ಬಂದಿಳಿಯುತ್ತವೆ. 2024ರಲ್ಲಿ ಆ ಕೆರೆ ರಾಮ್ಸರ್ ಒಪ್ಪಂದದ ಅಂತರರಾಷ್ಟ್ರೀಯ ಜೌಗುನೆಲಗಳ ಪಟ್ಟಿಗೂ ಸೇರಿತು. ಸುತ್ತಲಿನ ಹೊಲಗಳಲ್ಲಿ ಮೇಯುವ ಈ ಹಕ್ಕಿಗಳ ನಡುವೆ ಕೊರಳಿಗೆ ಬಣ್ಣದ ಪಟ್ಟಿ ತೊಟ್ಟ ಒಂದೊಂದು ಕಾಣಿಸುವುದುಂಟು. ಪಟ್ಟಿಯ ಮೇಲಿನ ಅಕ್ಷರಗಳನ್ನು ಓದಿ ಬರೆದು ಕಳುಹಿಸಿದಾಗ ಉತ್ತರ ಬಂದುದು ಮಂಗೋಲಿಯದಿಂದ.

ಇದೇ ಹೆಬ್ಬಾತು ಜರ್ಮನಿಯ ಮ್ಯೂನಿಕ್ ನಗರದ ಉದ್ಯಾನದಲ್ಲಿಯೂ ಹುಲ್ಲು ಮೇಯುತ್ತದೆ. ಹಾಲೆಂಡಿನ ಗದ್ದೆಗಳಲ್ಲಿ ಮರಿ ಮಾಡುತ್ತದೆ. ಇಂಗ್ಲೆಂಡಿನಲ್ಲಿಯೂ ಅಲ್ಲಲ್ಲಿ ಕಾಣುತ್ತದೆ. ಅದರ ಕೊರಳಲ್ಲಿ ಪಟ್ಟಿಯಿಲ್ಲ, ಕಾಲಿನಲ್ಲಿ ಉಂಗುರವಿಲ್ಲ, ಗರಿಯಲ್ಲಿ ಊನವಿಲ್ಲ. ಆದರೂ ಅದನ್ನು ಅಲ್ಲಿಯ ಯಾವ ಪಂಡಿತನೂ ಕಾಡಿನ ಅತಿಥಿಯೆಂದು ಒಪ್ಪಲಾರ. ಶ್ರೀಮಂತರ ಕೊಳಗಳಲ್ಲಿ, ಮೃಗಾಲಯಗಳಲ್ಲಿ ಅಲಂಕಾರಕ್ಕೆಂದು ಸಾಕಿದ ಹಕ್ಕಿಗಳ ಸಂತತಿ ಅದು. ಹೀಗೆ, ಗುರುತು ಕಟ್ಟಿಸಿಕೊಂಡು ಶಿರಹಟ್ಟಿಯ ಹೊಲದಲ್ಲಿ ನಿಂತದ್ದು ಶುದ್ಧ ಕಾಡುಹಕ್ಕಿ. ಯಾವ ಗುರುತೂ ಇಲ್ಲದೆ ಬವೇರಿಯದಲ್ಲಿ ನಿಂತದ್ದು ಪರಾರಿ. ಎರಡನ್ನೂ ಪಕ್ಕಪಕ್ಕದಲ್ಲಿ ನಿಲ್ಲಿಸಿದರೆ ಬ್ರಹ್ಮನೂ ವ್ಯತ್ಯಾಸ ಹೇಳಲಾರ. ಇಲ್ಲಿ ತೀರ್ಪನ್ನು ಕೊಡುವುದು ಹಕ್ಕಿಯ ಮೈಯಲ್ಲ. ಭೂಪಟ, ಪಂಚಾಂಗ ಮತ್ತು ಸಂತೆಯ ಲೆಕ್ಕ.

ಭೂಪಟವೆಂದರೆ, ಆ ಜಾತಿಯ ಹಕ್ಕಿ ಅಷ್ಟು ದೂರ ದಾರಿತಪ್ಪುವುದು ಸಾಧ್ಯವೇ ಎಂಬ ವಿಚಾರ. ಪಂಚಾಂಗವೆಂದರೆ, ಅದು ವಲಸೆಯ ಋತುವಿನಲ್ಲಿ ಬಂದಿತೇ, ಬಿರುಗಾಳಿಯ ಬೆನ್ನಿಗೆ ಬಂದಿತೇ, ಅದರೊಡನೆ ಅದೇ ದಿಕ್ಕಿನ ಬೇರೆ ಹಕ್ಕಿಗಳು ಬಂದಿದ್ದುವೇ ಎಂಬ ವಿಚಾರ. ಮೊದಲ ಚಳಿಗಾಲದ ಎಳೆಯ ಹಕ್ಕಿಗಳು ದಾರಿ ತಪ್ಪುವುದು ಹೆಚ್ಚು. ಆದುದರಿಂದ ವಯಸ್ಸನ್ನೂ ನೋಡಬೇಕು. ಸಂತೆಯ ಲೆಕ್ಕವೆಂದರೆ, ಆ ಜಾತಿಯನ್ನು ಎಷ್ಟು ಜನ ಸಾಕುತ್ತಾರೆ, ಎಷ್ಟು ಬೆಲೆಗೆ ಮಾರುತ್ತಾರೆ ಎಂಬುದು. ಬೆಂಗಳೂರಿನ ಬಡಾವಣೆಯೊಂದರ ತಂತಿಯ ಮೇಲೆ ನೀಲಿಬಣ್ಣದ ಬಜರಿಗಾರ್ ಗಿಳಿ ಕಂಡರೆ, ಅದು ಆಸ್ಟ್ರೇಲಿಯದಿಂದ ಹಾರಿಬಂದಿತೆಂದು ಯಾರೂ ಸಂಭ್ರಮಿಸಬೇಕಾದುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇಲೆ 1990ರ ಸುಮಾರಿಗೆ ನಮ್ಮ ದೇಶದ ಕಾಡುಹಕ್ಕಿಗಳ ವ್ಯಾಪಾರಕ್ಕೆ ತಡೆ ಬಿದ್ದಿತು. ಅಂದಿನಿಂದ ಅಂಗಡಿಗಳ ಪಂಜರಗಳಲ್ಲಿ ಬಹಿರಂಗವಾಗಿ ಕಾಣುವುದು ಬಹುಮಟ್ಟಿಗೆ ವಿದೇಶದ ತಳಿಗಳೇ. ಬಾಗಿಲು ಹಾಕಲು ಮರೆಯುವ ಮಕ್ಕಳು ಎಲ್ಲ ಮನೆಗಳಲ್ಲಿಯೂ ಇರುತ್ತಾರೆ.

ಈ ಎರಡು ವರ್ಗಕ್ಕೂ ಸೇರದ ಮೂರನೆಯ ಜಾತಿಯೂ ಒಂದಿದೆಯೆಂಬುದನ್ನು ನಮ್ಮ ಊರಕಾಗೆ ತೋರಿಸಿಕೊಟ್ಟಿದೆ. 1994ರಿಂದ ಹಾಲೆಂಡಿನ ಹುಕ್ ಬಂದರಿನಲ್ಲಿ ಬೂದುಗೊರಳಿನ ಈ ಕಾಗೆಗಳು ಕಾಣಿಸಿಕೊಂಡು ಸಂಸಾರ ಹೂಡಿದವು. ಯಾರೂ ಅವನ್ನು ಸಾಕಿರಲಿಲ್ಲ; ಅವು ತಾವಾಗಿ ಹಾರಿಯೂ ಬಂದಿರಲಿಲ್ಲ. ಟಿಕೆಟ್ಟಿಲ್ಲದೆ ಹಡಗು ಹತ್ತಿದ್ದುವು!

ಇಂಗ್ಲೆಂಡಿನ ಪಕ್ಷಿಶಾಸ್ತ್ರಜ್ಞರ ಒಕ್ಕೂಟ ಇವನ್ನೆಲ್ಲ ವಿಂಗಡಿಸಲು ಅಕ್ಷರಗಳ ವ್ಯವಸ್ಥೆಯೊಂದನ್ನು ಮಾಡಿಕೊಂಡಿದೆ. 1950ರಿಂದೀಚೆಗೆ ನಿಜವಾದ ಕಾಡುಹಕ್ಕಿಯಾಗಿ ಕಂಡವು 'ಎ' ವರ್ಗ. ಅದಕ್ಕೆ ಹಿಂದಿನ ಒಂದೂವರೆ ಶತಮಾನದಲ್ಲಿ ಮಾತ್ರ ಕಂಡವು 'ಬಿ'. ತಪ್ಪಿಸಿಕೊಂಡು ಬಂದರೂ ಅಲ್ಲಿಯೇ ನೆಲೆಯೂರಿ ತಲೆತಲಾಂತರ ಬಾಳುತ್ತಿರುವವು 'ಸಿ'. ಮ್ಯಾಂಡರಿನ್ ಬಾತುವಿಗೆ 1971ರಲ್ಲಿಯೇ ಅಲ್ಲಿ ಈ ಪೌರತ್ವ ದೊರೆಯಿತು. ಸ್ಪಷ್ಟವಾಗಿ ಪರಾರಿಯಾದವು 'ಇ'. ನಡುವಿನ 'ಡಿ' ವರ್ಗವೇ ತ್ರಿಶಂಕು ಸ್ವರ್ಗ: ಕಾಡಿನದೆನ್ನಲು ಧೈರ್ಯ ಸಾಲದು, ಪಂಜರದ್ದೆನ್ನಲು ಮನಸ್ಸು ಬಾರದು.

ನಮ್ಮ ಕವಿಗಳ ಮುದ್ದಿನ ಚಕ್ರವಾಕವನ್ನೇ ನೋಡಿ. ಇರುಳೆಲ್ಲ ಇನಿಯನನ್ನು ಅಗಲಿ ನದಿಯ ಆಚೆ ದಡದಿಂದ ಕೂಗುವ ಈ ಹಕ್ಕಿಯಿಲ್ಲದೆ ವಿರಹವರ್ಣನೆಯೇ ಇಲ್ಲ. 1892ರ ಬೇಸಗೆಯಲ್ಲಿ ಚಕ್ರವಾಕಗಳ ಒಂದು ಅಲೆಯೇ ಪಶ್ಚಿಮ ಯೂರೋಪಿಗೆ ನುಗ್ಗಿ ಬ್ರಿಟನ್, ಐರ್ಲೆಂಡ್‌ಗಳನ್ನು ಮುಟ್ಟಿತು. ಅಂದಿನವನ್ನು ಕಾಡುಹಕ್ಕಿಗಳೆಂದು ಒಪ್ಪಿದರು. ಆದರೆ ಮುಂದೆ ಸ್ವಿಟ್ಜರ್ಲೆಂಡ್, ಜರ್ಮನಿಗಳಲ್ಲಿ ಪರಾರಿಗಳ ವಂಶ ಬೆಳೆದ ಮೇಲೆ, ಇಂಗ್ಲೆಂಡಿಗೆ ಬರುವ ಒಂದೊಂದು ಚಕ್ರವಾಕವೂ ಸಂಶಯಕ್ಕೆ ಗುರಿಯಾಯಿತು. ಅಜ್ಜನಿಗೆ ದೊರೆತ ಮರ್ಯಾದೆ ಮೊಮ್ಮಗನಿಗೆ ತಪ್ಪಿತು.

ರಾಜಹಂಸದ ಪೌರತ್ವ

ಇದೆಲ್ಲ ಪಟ್ಟಿ ಬರೆಯುವವರ ಜಗಳ, ಹಕ್ಕಿಗೇನು ಬಂತು ಎಂದು ಕೇಳುವವರುಂಟು. ಹಕ್ಕಿಗೆ ಬರುವುದೇನೆಂಬುದನ್ನು ಅಮೆರಿಕದ ಫ್ಲಾರಿಡ ರಾಜ್ಯದ ರಾಜಹಂಸಗಳು ಹೇಳುತ್ತವೆ. (ಕಾವ್ಯದ ರಾಜಹಂಸ ಬೇರೆ, ಇಲ್ಲಿ ಹೇಳುತ್ತಿರುವುದು ಗುಲಾಬಿ ಮೈಯ, ನೀಳಗಾಲಿನ, ಬಾಗಿದ ಕೊಕ್ಕಿನ ಫ್ಲೆಮಿಂಗೋ ಹಕ್ಕಿಯನ್ನು.)

ಹತ್ತೊಂಬತ್ತನೆಯ ಶತಮಾನದಲ್ಲಿ ಫ್ಲಾರಿಡದ ದಕ್ಷಿಣದ ಉಪ್ಪುನೀರಿನ ಬಯಲುಗಳಲ್ಲಿ ರಾಜಹಂಸಗಳ ದೊಡ್ಡ ಹಿಂಡುಗಳಿದ್ದುವು. ಗರಿಗಾಗಿಯೂ ಮಾಂಸಕ್ಕಾಗಿಯೂ ಬೇಟೆಯಾಡಿ, ಸುಮಾರು 1900ರ ಹೊತ್ತಿಗೆ ಅವನ್ನು ನಿರ್ನಾಮ ಮಾಡಿದರು. 1930ರ ದಶಕದಲ್ಲಿ ಮಯಾಮಿಯ ಬಳಿ ಹಯಲಿಯ ಎಂಬಲ್ಲಿಯ ಕುದುರೆ ಪಂದ್ಯದ ಮೈದಾನಕ್ಕೆ ಶೋಭೆಯೆಂದು ಕ್ಯೂಬಾದಿಂದ ರಾಜಹಂಸಗಳನ್ನು ತಂದು ಸಾಕಿದರು. ಅಲ್ಲಿಂದ ಮುಂದೆ ಫ್ಲಾರಿಡದ ಯಾವ ಮೂಲೆಯಲ್ಲಿ ರಾಜಹಂಸ ಕಂಡರೂ ಉತ್ತರ ಸಿದ್ಧವಾಗಿರುತ್ತಿತ್ತು: 'ಪಂದ್ಯದ ಮೈದಾನದಿಂದ ತಪ್ಪಿಸಿಕೊಂಡದ್ದು'. ಪರಾರಿಯೆಂದು ಹೆಸರಾದ ಮೇಲೆ ಅದು ಆ ನಾಡಿನ ಪ್ರಜೆಯಲ್ಲ; ಹೊರಗಿನದು. ಹೊರಗಿನದಕ್ಕೆ ರಕ್ಷಣೆಯ ಯೋಜನೆಯಿಲ್ಲ, ಅದು ಮರಳಿ ಬರಲೆಂದು ನೆಲವನ್ನು ಹದಗೊಳಿಸುವ ಮಾತಿಲ್ಲ. ಒಂದು ಊಹೆ ಹಲವು ದಶಕಗಳ ಕಾಲ ಕಾನೂನಿನ ಕೆಲಸ ಮಾಡಿತು.

ಈ ಊಹೆಯನ್ನು ಪರೀಕ್ಷಿಸಿ ನೋಡಬೇಕೆಂದು ಕೆಲವು ವಿಜ್ಞಾನಿಗಳಿಗೆ ತೋರಿತು. ಅವರು ಹಳೆಯ ಪ್ರವಾಸಿಗರ ಬರಹಗಳನ್ನು ಶೋಧಿಸಿದರು. ವಸ್ತುಸಂಗ್ರಹಾಲಯಗಳ ಸೆಳೆಖಾನೆಗಳನ್ನು ತೆರೆದರು. ಫ್ಲಾರಿಡದಲ್ಲಿ ಸಂಗ್ರಹಿಸಿದವೆಂಬ ಚೀಟಿ ಹೊತ್ತ ಮೊಟ್ಟೆಗಳು ಅಲ್ಲಿ ದೊರೆತವು. ಮೊಟ್ಟೆಯೆಂದರೆ ಸಂಸಾರ, ಸಂಸಾರವೆಂದರೆ ಅದು ದಾರಿಹೋಕನಲ್ಲ, ಮನೆಯೊಡೆಯ. ಇತ್ತೀಚಿನ ದಶಕಗಳಲ್ಲಿ ಕಂಡ ಹಕ್ಕಿಗಳಲ್ಲಿ ಮೆಕ್ಸಿಕೋದ ಯೂಕಟಾನಿನಲ್ಲಿ ಮರಿಯಾಗಿದ್ದಾಗ ಉಂಗುರ ತೊಡಿಸಿದವೂ ಇದ್ದುವು: ಎಂದರೆ, ಅವು ಕಡಲನ್ನು ದಾಟಿ ತಮ್ಮ ರೆಕ್ಕೆಯ ಬಲದಿಂದಲೇ ಬಂದಂಥವು. 2014ರಲ್ಲಿ ಒಂದೇ ಕಡೆ 147 ರಾಜಹಂಸಗಳನ್ನು ಎಣಿಸಿದ್ದರು. ಯಾವ ಪಂದ್ಯದ ಮೈದಾನವೂ ಅಷ್ಟನ್ನು ಒಮ್ಮೆಗೆ ಕಳೆದುಕೊಂಡು ಸುಮ್ಮನಿರಲಾರದು. 2015ರಲ್ಲಿ ಕೀ ವೆಸ್ಟ್ ದ್ವೀಪದ ನೌಕಾಪಡೆಯ ವಿಮಾನ ನಿಲ್ದಾಣದಲ್ಲಿ ಹಿಡಿದ ಎಳೆಯ ಹಕ್ಕಿಯೊಂದಕ್ಕೆ ಯಂತ್ರ ಕಟ್ಟಿ ಬಿಟ್ಟಾಗ, ಅದು ಎಲ್ಲಿಗೂ ಓಡಿಹೋಗದೆ ಸುಮಾರು ಎರಡು ವರ್ಷ ಫ್ಲಾರಿಡದ ಕೊಲ್ಲಿಯಲ್ಲಿಯೇ ಬೀಡುಬಿಟ್ಟಿತು. 2018ರಲ್ಲಿ ಪ್ರಬಂಧ ಪ್ರಕಟವಾಯಿತು. ರಾಜ್ಯದ ವನ್ಯಜೀವಿ ಆಯೋಗವೂ ರಾಜಹಂಸವನ್ನು ಹೊರಗಿನದೆಂದು ಕರೆಯುವುದನ್ನು ಬಿಟ್ಟಿತು.

2023ರ ಆಗಸ್ಟ್ 30ರಂದು ಇಡೇಲಿಯ ಎಂಬ ಚಂಡಮಾರುತ ಫ್ಲಾರಿಡಕ್ಕೆ ಅಪ್ಪಳಿಸಿತು. ಅದರ ಬೆನ್ನಿಗೆ ರಾಜಹಂಸಗಳು ಫ್ಲಾರಿಡದಲ್ಲಷ್ಟೇ ಅಲ್ಲ, ದೂರದ ಒಹಾಯೋ, ಪೆನ್ಸಿಲ್ವೇನಿಯ, ವಿಸ್ಕಾನ್ಸಿನ್ ರಾಜ್ಯಗಳ ಕೆರೆಗಳಲ್ಲಿಯೂ ಇಳಿದವು. ಹಿಂದೆ ಆಗಿದ್ದರೆ ಪ್ರತಿಯೊಂದು ಊರಿನವರೂ ಹತ್ತಿರದ ಮೃಗಾಲಯಕ್ಕೆ ಫೋನು ಮಾಡುತ್ತಿದ್ದರೇನೋ. ಈ ಸಲ ಬಿರುಗಾಳಿಯ ದಾರಿಯೂ ಹಕ್ಕಿಗಳ ದಾರಿಯೂ ಒಂದೇ ಗೆರೆಯಲ್ಲಿದ್ದುದರಿಂದ ಯಾರಿಗೂ ಸಂಶಯ ಬರಲಿಲ್ಲ. 2024ರ ಫೆಬ್ರವರಿಯ ಎಣಿಕೆಯಲ್ಲಿ ಫ್ಲಾರಿಡದಲ್ಲಿ 101 ಹಕ್ಕಿಗಳು ಉಳಿದಿದ್ದುವು.

ಇದರ ಎದುರಿಗೆ ಮತ್ತೊಂದು ರಾಜಹಂಸದ ಕಥೆಯನ್ನು ಇಡಬೇಕು. ಇಲ್ಲದಿದ್ದರೆ ಊಹೆಗಳೆಲ್ಲ ಸುಳ್ಳೆಂಬ ಭ್ರಮೆಯಾದೀತು. 2005ರ ಬೇಸಗೆಯಲ್ಲಿ ಕ್ಯಾನ್ಸಸ್ ರಾಜ್ಯದ ವಿಚಿಟಾ ನಗರದ ಮೃಗಾಲಯದಿಂದ ಎರಡು ರಾಜಹಂಸಗಳು ಹಾರಿಹೋದವು. ಆಫ್ರಿಕದ ಟಾಂಜಾನಿಯದಿಂದ ತರಿಸಿದ ಹಕ್ಕಿಗಳವು. ರೆಕ್ಕೆಯ ಗರಿಗಳನ್ನು ಸಕಾಲದಲ್ಲಿ ಕತ್ತರಿಸಿರಲಿಲ್ಲ. ಒಂದು ಉತ್ತರಕ್ಕೆ ಹಾರಿ ಕಣ್ಮರೆಯಾಯಿತು. 492 ಎಂಬ ಸಂಖ್ಯೆಯ ಉಂಗುರ ತೊಟ್ಟ ಇನ್ನೊಂದು ದಕ್ಷಿಣಕ್ಕೆ ಹಾರಿ ಮೆಕ್ಸಿಕೋ ಕೊಲ್ಲಿಯನ್ನು ಸೇರಿತು. ಅಲ್ಲಿ ಯೂಕಟಾನಿನಿಂದ ಬಂದ ಒಂದು ಕಾಡು ರಾಜಹಂಸ ಅದಕ್ಕೆ ಜೊತೆಯಾಯಿತು. ಜಾತಿ ಬೇರೆ, ಖಂಡ ಬೇರೆ. ಒಂದು ಪರಾರಿ, ಒಂದು ಪಥಿಕ. ಎರಡೂ ಹಲವು ವರ್ಷ ಟೆಕ್ಸಸ್, ಲೂಯಿಸಿಯಾನಾ ತೀರಗಳಲ್ಲಿ ಒಟ್ಟಿಗೆ ಕಾಣಿಸಿಕೊಂಡವು. 2022ರ ಮಾರ್ಚಿಯಲ್ಲಿಯೂ 492 ಟೆಕ್ಸಸ್ ತೀರದಲ್ಲಿ ಕಂಡಿತು. ಎರಡರ ಕಾಲಿನ ಉಂಗುರಗಳೂ ಕಳಚಿಬಿದ್ದಿದ್ದರೆ ಪಂಡಿತರು ಏನು ಬರೆಯುತ್ತಿದ್ದರೋ! ಜಾತಿಯ ವ್ಯತ್ಯಾಸವೊಂದು ಬಹುಶಃ ಅವರ ಮಾನ ಕಾಯುತ್ತಿತ್ತು.

ಗರಿಯೊಳಗಿನ ಮಳೆನೀರು

ಹಕ್ಕಿಯ ಬಾಯಿಂದಲೇ ಅದರ ಹುಟ್ಟೂರನ್ನು ಹೇಳಿಸುವ ಉಪಾಯವೊಂದು ಈಚೆಗೆ ಸಿದ್ಧಿಸಿದೆ. ನೀರಿನಲ್ಲಿರುವ ಜಲಜನಕದಲ್ಲಿ ಹಗುರವಾದುದೂ ಭಾರವಾದುದೂ ಎಂದು ಎರಡು ಬಗೆಗಳುಂಟು. ಕಡಲಿನಿಂದ ದೂರ ಹೋದಂತೆ, ಉತ್ತರದ ಚಳಿನಾಡಿಗೆ ಹೋದಂತೆ, ಮಳೆಯಲ್ಲಿ ಭಾರದ ಜಲಜನಕದ ಪ್ರಮಾಣ ಕುಗ್ಗುತ್ತದೆ. ಆ ಮಳೆಯನ್ನು ಕುಡಿದ ಗಿಡ, ಆ ಗಿಡವನ್ನು ತಿಂದ ಹುಳು, ಆ ಹುಳುವನ್ನು ತಿಂದ ಹಕ್ಕಿ — ಎಲ್ಲದರಲ್ಲಿಯೂ ಅದೇ ಪ್ರಮಾಣದ ನೆರಳು ಬೀಳುತ್ತದೆ. ಗರಿ ಬೆಳೆಯುವಾಗ ಅದು ಗರಿಯಲ್ಲಿ ಸೇರುತ್ತದೆ. ಬೆಳೆದು ಮುಗಿದ ಗರಿ ಉಗುರಿನಂತೆ ನಿರ್ಜೀವವಾದುದರಿಂದ ಮುಂದೆ ಬದಲಾಗುವುದಿಲ್ಲ. ಗರಿ ಬೆಳೆದ ಊರಿನ ಮಳೆ ಹೀಗೆ ಅದರಲ್ಲಿ ಮುದ್ರೆಯಾಗಿ ಉಳಿಯುತ್ತದೆ.

2005ರ ನವೆಂಬರಿನಲ್ಲಿ ಡೆನ್ಮಾರ್ಕಿನ ಬೇಟೆಗಾರನೊಬ್ಬನ ಗುಂಡಿಗೆ ಬೈಕಲ್ ಬಾತುವಿನ ಎಳೆಯ ಗಂಡೊಂದು ಬಿದ್ದಿತು. ಪೂರ್ವ ಸೈಬೀರಿಯದ ಈ ಸುಂದರ ಹಕ್ಕಿಯನ್ನು ಯೂರೋಪಿನಲ್ಲಿ ಸಾಕುವವರು ಬಹಳ. ಹೀಗಾಗಿ ಅದು ಕಂಡಾಗಲೆಲ್ಲ ಪರಾರಿಯೆಂದೇ ತಳ್ಳಿಹಾಕುವ ವಾಡಿಕೆಯಿದ್ದಿತು. ವಿಜ್ಞಾನಿಗಳು ಅದರ ಗರಿಗಳನ್ನು ಪರೀಕ್ಷಿಸಿದರು. ಮರಿಯಾಗಿದ್ದಾಗ ಬೆಳೆದ ಗರಿಗಳಲ್ಲಿ ಇದ್ದುದು ಸೈಬೀರಿಯದ ಮಳೆ. ಶರತ್ಕಾಲದಲ್ಲಿ ಹೊಸದಾಗಿ ಹುಟ್ಟಿದ ಗರಿಗಳಲ್ಲಿ ಇದ್ದುದು ಪಶ್ಚಿಮ ಯೂರೋಪಿನ ಮಳೆ. ಅಷ್ಟು ಚಿಕ್ಕ ದೇಹದ ಮೇಲೆ ಅಷ್ಟು ದೊಡ್ಡ ಪ್ರಯಾಣದ ಎರಡು ಕೊನೆಗಳೂ ಬರೆದಿದ್ದುವು. ಹಕ್ಕಿ ಸತ್ತಮೇಲೆ ಅದಕ್ಕೆ ನ್ಯಾಯ ದೊರೆಯಿತು. ಇಂಗ್ಲೆಂಡಿನಲ್ಲಿ 1906ರಲ್ಲಿ ಎಸೆಕ್ಸಿನ ಬಳಿ ಸಿಕ್ಕ ಮತ್ತೊಂದು ಬೈಕಲ್ ಬಾತುವಂತೂ 'ಎ' ವರ್ಗಕ್ಕೆ ಸೇರಬೇಕಾದರೆ 2009ರವರೆಗೆ ಕಾಯಬೇಕಾಯಿತು. ನಮ್ಮ ದಿವಾನಿ ವ್ಯಾಜ್ಯಗಳೂ ಇದರ ಮುಂದೆ ನಾಚಬೇಕು.

ಆದರೆ ಈ ಉಪಾಯಕ್ಕೆ ಗರಿ ಬೇಕು. ಗರಿಗೆ ಹಕ್ಕಿ ಕೈಗೆ ಸಿಗಬೇಕು. ಮಾಗುರಿಯ ಬಾತುವನ್ನು ಯಾರೂ ಹಿಡಿಯಲಿಲ್ಲ. ಅಲ್ಲಿ ಉಳಿಯುವುದು ಭೂಪಟ, ಪಂಚಾಂಗ, ಸಂತೆಗಳ ಸಾಕ್ಷ್ಯವೇ. ಮ್ಯಾಂಡರಿನ್ ಬಾತುಗಳು ಚಳಿಗಾಲಕ್ಕೆ ದಕ್ಷಿಣ ಚೀನಕ್ಕೆ ಇಳಿಯುತ್ತವೆ. ಅಸ್ಸಾಮಿನ ಪೂರ್ವದ ಅಂಚಿನಿಂದ ಬರ್ಮದ ಬೆಟ್ಟಗಳನ್ನು ದಾಟಿದರೆ ಯುನ್ನಾನ್ ಪ್ರಾಂತ. ಕಂಡ ತಿಂಗಳು ಫೆಬ್ರವರಿ, ವಲಸೆಯ ಬಾತುಗಳೆಲ್ಲ ಆ ಸರೋವರದಲ್ಲಿ ನೆರೆಯುವ ಕಾಲ. 1902ರ ಹಳೆಯ ದಾಖಲೆ ಅದೇ ನದಿಯದು. ಅಂದು ಅಲ್ಲಿ ಮ್ಯಾಂಡರಿನ್ ಬಾತು ಸಾಕುವ ಶೋಕಿ ಯಾರಿಗಿದ್ದೀತು? ಇಂದು ನಮ್ಮ ದೇಶದ ಹಕ್ಕಿಸಾಕುವವರಲ್ಲಿಯೂ ಈ ಬಾತು ಇದೆಯೆಂಬುದು ಎದುರು ತಕ್ಕಡಿಗೆ ಬೀಳುವ ಕಲ್ಲು. ಆದರೂ ತೂಕ ಅತಿಥಿಯ ಕಡೆಗೇ ಹೆಚ್ಚು.

ಆ ಅತಿಥಿ ಬಂದ ಹೊತ್ತನ್ನೂ ನೆನೆಯಬೇಕು. 2020ರ ಮೇ 27ರಂದು ಮಾಗುರಿಯ ಮಗ್ಗುಲಿನ ಬಾಘ್‌ಜಾನಿನ ಅನಿಲದ ಬಾವಿ ಸಿಡಿಯಿತು. ಜೂನ್ 9ರಂದು ಬೆಂಕಿ ಹತ್ತಿಕೊಂಡಿತು; ಇಬ್ಬರು ಅಗ್ನಿಶಾಮಕರು ಪ್ರಾಣ ಕಳೆದುಕೊಂಡರು. ಸಾವಿರಾರು ಜನ ಮನೆ ಬಿಟ್ಟು ಶಿಬಿರ ಸೇರಿದರು. ಸರೋವರದ ನೀರಿನ ಮೇಲೆ ಎಣ್ಣೆ ಹರಡಿತು, ಮೀನು ಸತ್ತು ತೇಲಿತು, ಗಂಗೆಯ ಡಾಲ್ಫಿನ್ ಒಂದರ ಹೆಣವೂ ಸಿಕ್ಕಿತು. ಬೆಂಕಿ ಆರಿದುದು ನವೆಂಬರಿನಲ್ಲಿ. ಆ ವರ್ಷ ಹಕ್ಕಿಗಳೇ ಬರಲಿಕ್ಕಿಲ್ಲ, ದೋಣಿಗೆ ಕೆಲಸವೇ ಇರಲಿಕ್ಕಿಲ್ಲ ಎಂದು ಅಲ್ಲಿಯವರು ಎದೆಗುಂದಿದ್ದರು. ಮೂರು ತಿಂಗಳೊಳಗೆ ಈ ಬಣ್ಣದ ಬಾತು ಬಂದಿತು, ಅದರ ಹಿಂದೆ ಜನ ಬಂದರು, ಕಟ್ಟಿಹಾಕಿದ್ದ ದೋಣಿಗಳು ಮತ್ತೆ ನೀರಿಗಿಳಿದವು.

ನ್ಯೂಯಾರ್ಕಿನ ಬಾತು 2019ರ ಮಾರ್ಚಿಯವರೆಗೆ ಕೊಳದಲ್ಲಿದ್ದು, ಒಂದು ದಿನ ಕಾಣೆಯಾಯಿತು. ನಗರದ ಮೃಗಾಲಯಗಳು ತಮ್ಮಲ್ಲಿ ಯಾವ ಹಕ್ಕಿಯೂ ಕಡಮೆಯಾಗಿಲ್ಲವೆಂದು ಮೊದಲೇ ತಿಳಿಸಿದ್ದುವು. ಆ ನಗರದಲ್ಲಿ ಮನೆಯಲ್ಲಿ ಬಾತು ಸಾಕುವುದು ಕಾನೂನಿಗೆ ವಿರೋಧ. ಬಲಗಾಲಿನ ಉಂಗುರ ತೊಡಿಸಿದವನು, ಅದು ತನ್ನದೆಂದು ಹೇಳಿಕೊಂಡು ಕೊನೆಗೂ ಮುಂದೆ ಬರಲಿಲ್ಲ.